ಒಳಗೆ ಬಿಟ್ಟ ಬಟ್ಟೆ

ಕೌಲ್ ಬಜಾರಿನ ಒಳಗಲ್ಲಿ, ಮಹಡಿ ಮೇಲೆ ಜೀನ್ಸ್ ಹೊಲಿಯುವ ಜಾಗ.
ಬೆಳಿಗ್ಗೆ ಹತ್ತಕ್ಕೇ ತಗಡು ಕಾದು ಬೆನ್ನ ಮೇಲೆ ಕೂರುತ್ತದೆ.
ಇಪ್ಪತ್ತೆರಡು ಮಷೀನು, ನೀಲಿ ಧೂಳು,
ಮೂಲೆಯಲ್ಲಿ ಗಾಜಿನ ಡಬ್ಬಿಯಂಥ ಕೋಣೆ, ಒಂದು ಕಂಪ್ಯೂಟರು.
ಅದರ ಹೊಟ್ಟೆಯಲ್ಲಿ ಹನ್ನೆರಡು ವರ್ಷದ ಸೊಂಟಗಳು,
ಇಪ್ಪತ್ತೆಂಟರಿಂದ ನಲವತ್ತೆರಡರವರೆಗೆ.

ಅದನ್ನು ನೋಡಿಕೊಳ್ಳುವವಳು ನಾನು.
ತಿಂಗಳಿಗೊಮ್ಮೆ ಬಂದು ಧೂಳು ಊದಿ
ಮುನ್ನೂರು ರೂಪಾಯಿ ಇಸಿದುಕೊಂಡು ಹೋಗುವವಳು.

ಯುಗಾದಿ ಮುಗಿದ ವಾರ ಸಿ ಡ್ರೈವಿಗೆ ಕೆಂಪು ಗೆರೆ,
ಉಸಿರಾಡಲು ಜಾಗವಿಲ್ಲ.
ಪಕ್ಕದ ಡಿ ಮಾತ್ರ ಕಾಲು ಚಾಚಿ ಮಲಗಿತ್ತು.
ಗೋಡೆ ಸರಿಸಿದೆ.
ನಲವತ್ತು ಜಿಬಿ ಇತ್ತ ಕೊಟ್ಟೆ,
ಉಳಿದದ್ದರಲ್ಲಿ ಬಿಲ್ಲುಗಳಿಗೊಂದು ಪುಟ್ಟ ಖೋಲಿ ಕಟ್ಟಿದೆ.
ಅಕ್ಷರಗಳನ್ನು ಸಾಲಾಗಿ ನಿಲ್ಲಿಸುವ ಚಪಲ ಬೇರೆ ನನಗೆ:
ಅಳತೆಗಳಿದ್ದ ಇ, ಎಫ್ ಆಯಿತು;
ಬಿಲ್ಲಿನ ಖೋಲಿ ಅದರ ಹಳೆ ಹೆಸರು ತೊಟ್ಟು ಕೂತಿತು.
ಚಹಾ ಕುಡಿದು ಕೆಳಗಿಳಿದೆ.

ರಾತ್ರಿ ಎರಡಕ್ಕೆ ಬ್ಯಾಕಪ್ ಏಳುತ್ತಿತ್ತು.
ಹೇಳಿದ ಬಾಗಿಲಿಗೇ ಹೋಗುವ ಹಮಾಲನ ಹಾಗೆ
ಇ ಎಂದು ಬರೆದಲ್ಲಿ ನುಗ್ಗಿ
ಸಿಕ್ಕ ನಾಲ್ಕು ಬಿಲ್ಲು ಹೊತ್ತು
ಕಪ್ಪು ಪೆಟ್ಟಿಗೆಗೆ ಹಾಕಿ
‘ಯಶಸ್ವಿ’ ಎಂದು ಬರೆದು ಮಲಗುತ್ತಿತ್ತು.
ಅದು ಸುಳ್ಳು ಹೇಳಲಿಲ್ಲ.
ನೂರ ಎಂಬತ್ತು ರಾತ್ರಿ, ನೂರ ಎಂಬತ್ತು ಹಸಿರು ಗುರುತು.

ದೀಪಾವಳಿ ಆರ್ಡರು ಹಿಡಿದಾಗ ಡಿಸ್ಕು
ಸೂಜಿ ಮುರಿದ ಮಷೀನಿನಂತೆ ಟಕ್ ಟಕ್ ಅಂತು,
ಆಮೇಲೆ ಅದನ್ನೂ ಅನ್ನಲಿಲ್ಲ.
“ಬ್ಯಾಕಪ್ ಐತಲ್ಲಮ್ಮಾ” ಎಂದರು ಹೊನ್ನೂರ್ ಸಾಬರು,
ಕಿವಿ ಮೇಲಿನ ಪೆನ್ಸಿಲು ತೆಗೆಯದೆ.
ಐತೆ ಅಂದೆ.
ಪೆಟ್ಟಿಗೆ ತೆರೆದೆ.
ಯುಗಾದಿಯವರೆಗಿನ ಸೊಂಟವೆಲ್ಲ ಇತ್ತು.
ಅಲ್ಲಿಂದೀಚೆಗೆ ದಾರ, ಗುಂಡಿ, ಜಿಪ್ಪು, ಜಿಪ್ಪು, ದಾರ.
ಸೊಲ್ಲಾಪುರದವರು ಕೇಳಿದ ಮಂಡಿ ಬಿಗಿ ಮೂವತ್ನಾಲ್ಕು ಇಲ್ಲ.
ಹೆಂಗಸರ ಪ್ಯಾಂಟಿನ ಆಳದ ಜೇಬು ಇಲ್ಲ;
ಫೋನು ಪೂರ್ತಿ ಹಿಡಿಸಲೆಂದು ಜಗಳ ಮಾಡಿ
ನಾನೇ ಬರೆಸಿದ್ದ ಜೇಬು ಅದು.

ಹೇಳಬೇಕಾಯಿತು.
ಗೋಡೆ ಸರಿಸಿದ್ದು ನಾನು, ಹಮಾಲನಿಗೆ ಹೇಳದೆ ಹೋದದ್ದೂ ನಾನೇ.
ಸಾಬರು ಬೈಯಲಿಲ್ಲ. ಕೇಳಿದರು:
“ಸೊಂಟ ಬಿಚ್ಚಿ ಎರಡಿಂಚು ದೊಡ್ಡದು ಮಾಡ್ದೆ ಅನ್ನು,
ಹಿಂದಿನ ಪಟ್ಟಿ ಮೇಲೆ ಮೂವತ್ತು ಅಂತ ಹಂಗೇ ಬಿಡ್ತೀಯೇನು?”
ಇಲ್ಲ ಅಂದೆ.
“ಮತ್ತೆ?”

ಮತ್ತೆ ಎಂಬುದಕ್ಕೆ ಉತ್ತರವಿರಲಿಲ್ಲ. ಒಗ್ಗರಣೆ ಮಿರ್ಚಿ ತರಿಸಿದರು.
ಎಣ್ಣೆ ಬೆರಳು ಒರೆಸಿ, ವಾಪಸು ಬಂದ ಮಾಲಿನ ಮೂಟೆಯಿಂದ
ಮಂಡಿ ಬಿಗಿಯದೊಂದು ಎಳೆದು ಬ್ಲೇಡು ಹಾಕಿದರು.
ಹೊಲಿಗೆ ಹೊಲಿಗೆ ಬಿಚ್ಚುತ್ತ
ಪ್ಯಾಂಟು ಕಾಲಾಯಿತು, ಕಾಲು ತುಂಡಾಯಿತು,
ತುಂಡನ್ನು ಖಾಕಿ ಕಾಗದದ ಮೇಲೆ ಹಾಸಿ ಸುತ್ತ ಗೆರೆ ಎಳೆದರು.
“ಒಗೆದ ಬಟ್ಟೆ, ಕುಗ್ಗಿರ್ತೈತೆ. ಅಷ್ಟು ಸೇರಿಸ್ಕೋಬೇಕು.”
ಅಂಚಿನಲ್ಲಿ ಒಳಕ್ಕೆ ಮಡಚಿದ್ದ ಅರ್ಧ ಇಂಚು,
ಬಿಸಿಲು ಕಾಣದ ಕಡುನೀಲಿ.
“ಇದು ನಾಳೆಗೆ ಅಂತ ಬಿಟ್ಟಿದ್ದು.”

ಹೊಸ ಡಿಸ್ಕು ತಂದೆ, ಹಳೆಯದರ ಎರಡರಷ್ಟು.
ಹಳೆ ನಕಲಿಗೆ ಹಳೆ ಗೋಡೆಗಳೇ ಬೇಕು, ಹಠ;
ಕಟ್ಟಿಕೊಟ್ಟೆ, ಇಳಿಸಿದೆ, ಆಮೇಲೆ ಮೆಲ್ಲಗೆ ಹಿಗ್ಗಿಸಿದೆ.
ಕೊನೆಯಲ್ಲೊಂದಿಷ್ಟು ಯಾರ ಹೆಸರಿಗೂ ಬರೆಯದೆ ಬಿಟ್ಟೆ.
ಗೆರೆ ಯಾವತ್ತು ಎಲ್ಲಿಂದ ಎಲ್ಲಿಗೆ ಸರಿಯಿತೆಂದು
ಡಬ್ಬಿಯ ಬೆನ್ನಿಗೆ ಚೀಟಿ ಅಂಟಿಸಿದೆ, ಪೆನ್ಸಿಲಿನಲ್ಲಿ,
ಮತ್ತೆ ಸರಿಯುವುದು ಇದ್ದೇ ಇದೆ.
ಬದಲಾದದ್ದಷ್ಟೇ ಸಾಕಲ್ಲ ಎಂದಿತು ಬ್ಯಾಕಪ್.
ಬೇಡ, ಈ ಸಲ ಪೂರ್ತಿ ಹೊರು ಎಂದೆ.

ಇಪ್ಪತ್ತೊಂದು ಅಳತೆ ಬಿಚ್ಚಿ ಹುಟ್ಟಿಸಿದರು ಸಾಬರು.
ಒಂಬತ್ತು ಸಿಗಲೇ ಇಲ್ಲ;
ಯಾರೋ ಅವನ್ನು ತೊಟ್ಟುಕೊಂಡು ಎಲ್ಲೋ ಓಡಾಡುತ್ತಿದ್ದಾರೆ.

ಈಗಲೂ ಹೋಗುತ್ತೇನೆ.
ಹಸಿರು ಗುರುತು ಕಂಡರೆ ಕುತ್ತಿಗೆ ಬಿಗಿಯುತ್ತದೆ.
ಪೆಟ್ಟಿಗೆಯಿಂದ ಯಾವುದೋ ಒಂದನ್ನೆತ್ತಿ
ಬೇರೆ ಕಡೆ ಹರಡಿ ನೋಡುತ್ತೇನೆ:
ಕಾಲು ಎರಡು, ಸೊಂಟ ಒಂದು,
ಜೇಬಿನ ಆಳ ಏಳು ಇಂಚು.
ಕೈ ಬಿಟ್ಟರೆ ಮಣಿಕಟ್ಟಿನವರೆಗೆ ಹೋಗಬೇಕು.