ಇದಕ್ಕೆ ಸೀಟಿ ಎಲ್ಲಿ?

ಮೊದಲು ಕಂಡದ್ದು ನನಗೇ.
ಗುತ್ತಲು ರಸ್ತೆಯ ನಮ್ಮ ಮನೆ ಮುಂದೆ
ಗಾಡಿ ಹೊರಟ ಮೇಲೆ ನೀರು ಚಿಮುಕಿಸಿದರೆ
ನೀರು ಬೇರೆ ನಿಂತಿತು, ಅದು ಬೇರೆ ನಿಂತಿತು,
ಎರಡು ರೂಪಾಯಿ ಬಿಲ್ಲೆಯಗಲ, ಅಂಚಿಗೆ ಕಾಮನಬಿಲ್ಲು.

"ಎಂಜಿನ್ ಆಯಿಲ್ಲು ಕಣೆ" ಅಂದರು ಇವರು,
ಸೀಟಿನ ಮೇಲೆ ಕೂತೇ.
ಎಂಜಿನ್ನು ಮುಂದಿದೆ, ಕಲೆ ಹಿಂದಿದೆ.
ಹಾಗಂತ ಹೇಳಲಿಲ್ಲ. ಬೆರಳದ್ದಿದೆ.

ನಮ್ಮಪ್ಪ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವನು.
ಕೊಪ್ಪರಿಗೆಯಿಂದೊಂದು ತೊಟ್ಟು, ತಣ್ಣೀರಿಗದ್ದಿದ ಕೈ,
ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ
ಎಳೆ ಎಷ್ಟುದ್ದವೋ ಅಷ್ಟೇ ಮಾತು:
"ಇನ್ನೆರಡು ಕುದಿ", ಇಲ್ಲವೇ "ಇಳಿಸ್ರೋ".

ಬ್ರೇಕೆಣ್ಣೆಗೆ ಎಳೆಯಿಲ್ಲ, ಜಾರಿಹೋಗುತ್ತೆ.
ಎಂಜಿನ್ನೆಣ್ಣೆ ಬೆರಳ ಗೆರೆಯೊಳಗೆ ಕೂತು ಮಸಿ ಬಿಡುತ್ತೆ.
ಇದು ಕಾಕಂಬಿ. ಎಳೆ ಬಂತು, ಅರ್ಧ ಬೆರಳುದ್ದ.
ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆ, ಪಟಾಕಿ ಮದ್ದು.
ಹಿಂದಿನ ಗುಂಡಿನೊಳಗೆ ಹಲ್ಲಿಗೆ ಹಲ್ಲು ಕಚ್ಚಿ ತಿರುಗುತ್ತಲ್ಲ,
ಅಲ್ಲಿಯದು.

ದಸ್ತಗೀರ್ ಪಿನಿಯನ್ ಸೀಲ್ ಹಾಕಿದ.
ನಾಲ್ಕು ದಿನ ಅಂಗಳ ಒಣ. ಐದನೇ ದಿನ ಬಂತು.
ಎಡಗಡೆ ಹಬ್ ಸೀಲ್ ಹಾಕಿದ. ಬ್ರೇಕ್ ಶೂ ಎರಡೂ ನೆಂದು
ತುಪ್ಪದ ಹೋಳಿಗೆ ಆಗಿದ್ದವು ಅಂತ ಇವರು ನಕ್ಕರು.
ಮದ್ದೂರು ಸೇತುವೆ ಇಳಿಯುವಾಗ
ಲೋಡಿನ ಸಮೇತ ಬ್ರೇಕು ಹಿಡಿಯದೆ ಹೋದದ್ದನ್ನು
ರಾತ್ರಿ, ಮುದ್ದೆ ಮುರಿಯುತ್ತಾ, ನಗದೆ ಹೇಳಿದರು.

ಮಾರನೇ ದಿನದಿಂದ ರಂಗೋಲಿ ಬಿಡಿಸುವುದು ಬಿಟ್ಟೆ.
ಗಾಡಿ ನಿಲ್ಲುವಷ್ಟಗಲ ಪುಡಿಯನ್ನು
ಜರಡಿ ಹಿಡಿದು ಸುಮ್ಮನೆ ಹರವಿದೆ.
ಸಂಜೆ ಗಾಡಿ ಬಂತು, ಅದರ ಮೇಲೆ ನಿಂತಿತು.
ಬೆಳಿಗ್ಗೆ ಚುಕ್ಕಿ ಗಾಡಿಯೇ ಇಟ್ಟಿತ್ತು.

ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ:
ಪಾಂಡವಪುರದಿಂದ ಬೆಲ್ಲ ತುಂಬಿಕೊಂಡು ಬಂದ ದಿನ ಏಳು ಚುಕ್ಕಿ.
ಖಾಲಿ ಬಂದ ದಿನ ಒಂದು, ಅದೂ ಅನುಮಾನ.
ಭಾನುವಾರ ಬಿಳಿ.
ಬುಧವಾರ ಬೆಲ್ಲ, ಮತ್ತೆ ಎಂಟು.

ಹರಿದ ಸೀಲಿಗೆ ಭಾನುವಾರ ಯಾವುದು ಬುಧವಾರ ಯಾವುದು?
ಇದು ಮೈ ಕಾದಾಗ ಮಾತ್ರ ಉಗುಳುತ್ತೆ.
ಅಷ್ಟರಲ್ಲಿ ಒಳಗೆ ಕುಕ್ಕರು
ಸೀಟಿ ಹೊಡೆಯದೆ, ಹೊಟ್ಟೆ ಉಬ್ಬಿಸಿಕೊಂಡು,
ರಬ್ಬರಿನ ಪಕ್ಕದಿಂದ ಬೇಳೆಕಟ್ಟು ಕಾರುತ್ತಿತ್ತು.
ಒಲೆ ಆರಿಸಿ, ಸೀಟಿಯೊಳಗಿನ ಬೇಳೆ ಸಿಪ್ಪೆ ತೆಗೆದು
ಹಾಗೇ ನಿಂತುಬಿಟ್ಟೆ.

"ದಸ್ತಗೀರಣ್ಣ, ಇದಕ್ಕೆ ಸೀಟಿ ಎಲ್ಲಿ?"

ಇವರು ನಾಚಿಕೊಂಡರು. ಅವನು ನಾಚಲಿಲ್ಲ.
ಬೀಡಿ ಕಿವಿಗೆ ಸಿಕ್ಕಿಸಿ ಗೋಣಿ ಹಾಸಿ ಒಳಗೆ ಜಾರಿದ.
ಆಕ್ಸೆಲ್ಲಿನ ನೆತ್ತಿಯ ಮೇಲೆ, ಕೆಸರಿನಡಿಯಲ್ಲಿ
ಬ್ರೀದರ್. ಟೋಪಿ ಎಂದೋ ಬಿದ್ದುಹೋಗಿತ್ತು,
ತೂತಿಗೆ ಮೆತ್ತಿದ ಮಣ್ಣು ನುಣ್ಣಗೆ,
ಯಾರೋ ಬೆರಳಲ್ಲಿ ಒರೆಸಿದ ಹಾಗೆ.
"ಅಕ್ಕ, ಒಂದು ಪಿನ್ನು ಕೊಡಿ."
ಬಳೆಯಿಂದ ಬಿಚ್ಚಿ ಕೊಟ್ಟೆ.

ಪುಸ್ ಅಂತು. ದೊಡ್ಡ ಸದ್ದೇನಲ್ಲ,
ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಉಸಿರಿನಷ್ಟು.
ಮಣ್ಣಿನ ಜೊತೆ ಒಣಗಿದ ಹಸಿರು ಹುಳ ಉದುರಿತು, ಮೂರು.
ಆಷಾಢದಲ್ಲಿ ಎಫ್‌ಸಿ ಆಗದೆ ಗಾಡಿ ಇಪ್ಪತ್ತು ದಿನ ನಿಂತಿತ್ತಲ್ಲ,
ಆಗ ಯಾವುದೋ ಕಣಜ ಇದನ್ನು
ತನ್ನ ಮಕ್ಕಳ ಕಣಜ ಮಾಡಿಕೊಂಡಿತ್ತು.

ಟೋಪಿಗೆ ನಲವತ್ತು ರೂಪಾಯಿ.
ಎರಡು ಸೀಲಿನ ಬಾಕಿ ಬಾಕಿಯೇ ಇದೆ,
ಅದನ್ನು ಅವನೂ ಎತ್ತಲಿಲ್ಲ ನಾನೂ ಎತ್ತಲಿಲ್ಲ.
ಟೀ ಅಂಗಡಿಯಲ್ಲಿ ಇವರು
"ನನಗೆ ಮೊದಲೇ ಡೌಟಿತ್ತು" ಅಂದರಂತೆ. ಇರಲಿ.

ಬುಧವಾರ ಬೆಲ್ಲಕ್ಕೆ ಹೋದರು.
ಮಧ್ಯಾಹ್ನ ಬಟ್ಟೆ ಒಣಹಾಕಲು ಬಂದಾಗ
ಬಿಳಿ ಪುಡಿಯ ಮೇಲೆ, ನೆಲದಿಂದ ಮೊಣಕಾಲೆತ್ತರ,
ಗಾಡಿಯಿಲ್ಲದ ಗಾಡಿಯಡಿಯಲ್ಲಿ
ಒಂದು ಕಣಜ ಸುತ್ತುತ್ತಿತ್ತು,
ಬಾಯಲ್ಲಿ ಮಣ್ಣು ಹಿಡಿದು,
ತೂತು ಇದ್ದ ಗಾಳಿಯನ್ನು ಹುಡುಕುತ್ತಾ.