ದಾಂಬ್, ಧರ್, ಸೋಡ್

ರುಜಾರ್ ಮೆಸ್ತನ ಗ್ಯಾರೇಜಿನಾಗ ನನಗೊಂದ ಕೆಲಸ.
ಕಸ ಹೊಡೀತೀನಿ, ಚಾ ತರ್ತೀನಿ, ಅದು ಲೆಕ್ಕಕ್ಕಿಲ್ಲ.
ಬ್ರೇಕಿನ ಗಾಡಿ ಬಂದ ದಿನ
ಚಪ್ಪಲಿ ಹೊರಗ ಬಿಟ್ಟು ಡ್ರೈವರ್ ಸೀಟಿಗೆ ಏರೂದು.
ಫಕೀರವ್ವ ಅನ್ನಾಕ ಬರದ 'ಫಾಕಿ' ಅಂತಾನ.
'ದಾಂಬ್' ಅಂದ್ರ ಒತ್ತಬೇಕು.
'ಧರ್' ಅಂದ್ರ ಹಿಡೀಬೇಕು, ಉಸಿರು ಸುದ್ದಾ.
'ಸೋಡ್' ಅಂದ್ರ ಬಿಡಬೇಕು.
ವಾಸ್ಕೋಕ್ಕ ಬಂದು ಹನ್ನೊಂದು ವರ್ಷ,
ಕೊಂಕಣಿ ನನಗ ಮೊದಲು ಬಂದದ್ದು ಕಾಲಿಗೆ.

ಈ ಸಲ ಪ್ಲಾಸಿದ್ ಬಾಬ್‌ನ ಮಾರಿಸ್ ಮೈನರ್.
ಅವರಪ್ಪ ಪೋರ್ತುಗೀಸರ ಕಾಲದಾಗ ಹಡಗಿನಿಂದ ಇಳಿಸಿಕೊಂಡದ್ದು,
ಮಜ್ಜಿಗಿ ಬಣ್ಣ, ಕಪ್ಪಿ ಕಣ್ಣು.
ನಾಲ್ಕೂ ಗಾಲಿಗೆ ಡ್ರಮ್ ಇತ್ತು,
ಮಾಂಗೋರ್ ಹಿಲ್ ಇಳಿಯೂಮುಂದ
ಒಬ್ಬ ಸಂತನ ಹೆಸರು ಸಾಲತಿರಲಿಲ್ಲಂತ.
ಅದಕ್ಕ ಮುಂದಿನ ಎರಡಕ್ಕ ಹೊಸಾ ಡಿಸ್ಕು ತರಿಸಿದ,
ಸೊಸಿಗೆ ಬಂಗಾರ ತರಿಸಿದಂಗ, ಡಬ್ಬಿ ಸಮೇತ.

ಹಾಕಿದ ಮ್ಯಾಲೆ ಪೆಡಲ್ ಒತ್ತಿದೆ.
ನಾದಿದ ಹಿಟ್ಟು.
ಹೋಗಿ ತಳಾನ ಮುಟ್ಟಿತು.
ಎರಡನೇ ಸಲ ಒಂಚೂರು ಮ್ಯಾಲೆ,
ಮೂರನೇದಕ್ಕ ಎದ್ದು ನಿಂತಂಗ ಮಾಡಿ
ಒಂದು ಸಿಗರೇಟು ಸೇದೂದ್ರಾಗ ಮತ್ತ ಮೆತ್ತಗ,
ಸಾಲ ಕೇಳಿದವಗ ಹೂಂ ಅಂದಂಗ.

ಎಡ ಹಿಂದಿನ ಗಾಲಿ ಮೊದಲು, ಅದು ಎಲ್ಲಕ್ಕಿಂತ ದೂರ.
ಆಮ್ಯಾಲೆ ಬಲ ಹಿಂದಿಂದು. ಆಮ್ಯಾಲೆ ಮುಂದಿನವು.
ಫೆನಿ ಬಾಟ್ಲಿಯೊಳಗ ಪೈಪಿನ ತುದಿ,
ಬ್ರೇಕ್ ಎಣ್ಣಿಯೊಳಗ ಸಾಸಿವಿಯಂಥ ಗುಳ್ಳಿ.
ಗುಳ್ಳಿ ನಿಂತವು, ಎಣ್ಣಿ ತಿಳಿ ಆತು.
ಪೆಡಲ್ ಮಾತ್ರ ಅದೇ ಹಿಟ್ಟು.

ಎರಡನೇ ದಿನ ಮಾಸ್ಟರ್ ಸಿಲಿಂಡರ್ ಬಿಚ್ಚಿದ್ರು.
ಈ ಗಾಡ್ಯಾಗ ಅದು ನೆಲದ ಕೆಳಗ, ನನ್ನ ಹಿಮ್ಮಡದ ಬುಡಕ್ಕ.
ರಬ್ಬರ್ ಹೊಸಾದು. ಸಿಲಿಂಡರ್ ಕನ್ನಡಿ. ತಿರುಗಿ ಹಾಕಿದ್ರು.

ಮೂರನೇ ದಿನ ಮುಂದಿನ ಎರಡೂ ಹೋಸು
ಇಕ್ಕಳದಾಗ ಹಿಸುಕಿ ಹಿಡಿದು: 'ದಾಂಬ್.'
ಕಲ್ಲು!
'ಹಂಗಾರ ಹಿಂದಿಂದು ಸರಿ ಐತಿ, ರೋಗ ಮುಂದ' ಅಂದ ಮೆಸ್ತ
ಹೊಸಾ ಡಿಸ್ಕನ್ನ ಮೂರು ಭಾಷಾದಾಗ ಬೈದ.
ಪ್ಲಾಸಿದ್ ಬಾಬ್ ಸ್ಟೂಲಿನ ಮ್ಯಾಲೆ ಕುಂತು
ತಂದೇ ತಪ್ಪು ಅನ್ನೂವಂಗ ಉಗುರು ನೋಡಿಕೊಂತಿದ್ದ.

ನಾನು ಇಳಿದು ಗಾಲಿ ಕಡೆ ಹೋದೆ.
ನನಗ ಗಾಡಿ ಬರಂಗಿಲ್ಲ.
ಆದ್ರ ಗಂಡ ಚಿಕಾಲಿಂ ದವಾಖಾನ್ಯಾಗ ಮಲಗಿದ್ದಾಗ
ಸಲೈನಿನ ನಳಿಗ್ಯಾಗಿನ ಗುಳ್ಳಿ ಕಾಯ್ಕೊಂತ
ಹದಿನೆಂಟು ರಾತ್ರಿ ಕುಂತೀನಿ.
ಬೆರಳಿಲೆ ತಟ್ಟಿದ್ರ ಅದು ಮ್ಯಾಲೇ ಏರತೈತಿ.
ಒಂದು ಗುಳ್ಳಿ ಸುದ್ದಾ ತಾನಾಗಿ ಕೆಳಗ ಇಳಿದದ್ದು ನಾ ಕಾಣಲಿಲ್ಲ.
ಇಲ್ಲಿ ನೋಡಿದ್ರ ಗಾಳಿ ಬಿಡೂ ನಿಪ್ಪಲ್
ನೆಲಾ ನೋಡಿಕೊಂತ ನಿಂತೈತಿ,
ಎರಡೂ ಕಡೆ.

'ಮೆಸ್ತಾ, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕೀರಿ.'

ಆತ ನನ್ನ ಕಾಲು ನೋಡಿದ. ಬರಿಗಾಲು.
ಆಮ್ಯಾಲೆ ಟಾರ್ಚು ಹಿಡದ.
ಆಮ್ಯಾಲೆ ಬಾಳೊತ್ತು ಏನೂ ಅನ್ನಲಿಲ್ಲ.
ಬಂದರಿನ ಕ್ರೇನು ಕೇಳ್ತಿತ್ತು.

ಎಡದ ಕ್ಯಾಲಿಪರ್ ಬಲಕ್ಕ ಹೋತು, ಬಲದ್ದು ಎಡಕ್ಕ.
ನಿಪ್ಪಲ್ ಆಕಾಶ ನೋಡಿತು.
ಮೂರು ದಿನ ಅಡಗಿ ಕುಂತ ಗಾಳಿ
ಬಾಟ್ಲಿಯೊಳಗ ಕೆಮ್ಮಿ ಕೆಮ್ಮಿ ಹೊರಗ ಬಂತು.
ದಾಂಬ್. ಧರ್. ಸೋಡ್.
ಏಳನೇ ಸಲಕ್ಕ ಪೆಡಲ್ ಎರಡು ಬೆರಳು ಇಳಿದು
ನನ್ನ ಪಾದ ತಡೀತು. ಸಾಕು, ಅಂತು.

ಸಂಜೀಕ ಪ್ಲಾಸಿದ್ ಬಾಬ್ ಇಳಕಲಿನ ನಡುವ
ನಿಲ್ಲಿಸಿ ನೋಡಿ, ಸುಮ್ಮಸುಮ್ಮನ ಹಾರ್ನ್ ಹೊಡದ.
ಮೆಸ್ತ ಬಿಲ್ಲಿನಾಗ ಬರದ: ಗಾಳಿ ತಗದದ್ದು, ಒಂಬೈನೂರು.
ಚಪ್ಪಲಿ ಮಾತು ಬರೀಲಿಲ್ಲ.
ನನ್ನ ಕೈಯಾಗ ಇನ್ನೂರು ಇಟ್ಟು
'ಫಾಕಿ, ಬಾಬಿಗೆ ಹೇಳಬ್ಯಾಡ' ಅಂದ.
ಹೇಳಲಿಲ್ಲ.

ಹನ್ನೊಂದು ವರ್ಷದಾಗ ಎಷ್ಟು ಗಾಡಿ ನಿಲ್ಲಿಸೀನಿ,
ಎಲ್ಲಾ ನಿಂತಲ್ಲೇ ನಿಂತವು.
ಮನೀಗೆ ಹೋಗೂ ಬಸ್ಸಿನಾಗ ಹಿಂದ ನಿಂತಿದ್ದೆ.
ತಿರುವಿನಾಗ ಒಂದು ನಾಯಿ ಅಡ್ಡ ಬಂತು,
ನನ್ನ ಬಲಗಾಲು ಒತ್ತಿತು.
ಡ್ರೈವರನ ಕಾಲು
ಒಂದು ಗಳಿಗಿ ತಡಾ.