ಕೋವಿಗೊಂದು ದಿಂಬು

ಕೋವಿಯ ತೂಕ ನನಗೆ ಗೊತ್ತಿಲ್ಲ.
ರೇಣಕ್ಕನ ಲಟ್ಟಣಿಗೆಯನ್ನೇ ಅಡ್ಡ ಮಲಗಿಸಿ
ಅಳತೆ ತೆಗೆದೆ: ಎರಡು ಕಿವಿ,
ನಡುವೆ ಬೆರಳೆರಡರ ಕಣಿವೆ,
ಕೂತ ಮೊಲದ ಹಾಗೆ.
ಚಪಾತಿಗೆ ಲಟ್ಟಣಿಗೆ ಬೇಕು ಅಂತ ಒಳಗಿಂದ ಕೂಗು.
ಇವತ್ತು ಮುದ್ದೆ ಮಾಡೇ ಮಾರಾಯ್ತಿ, ಅಂದೆ.

ಗಾಂಧಿಬಜಾರಿನ ಮೆಟ್ಟಿಲ ಕೆಳಗೆ
ಒಂದಾಳು ಕೂರುವಷ್ಟು ನನ್ನ ಅಂಗಡಿ.
ಜಿಪ್ಪು, ಹಿಡಿಕೆ, ಶಾಲೆಚೀಲಗಳ ಹರಿದ ಹೆಗಲು,
ಎಲ್ಲ ರೆಕ್ಸಿನ್ನು. ಆರೆ ಇಳಿದರೆ
ಸದ್ದೂ ಮಾಡದ ಸತ್ತ ಮಾಲು.
ಈ ಚರ್ಮ ಬೇರೆ.
ಅಪ್ಪ ಹದಮಾಡಿ ಸುತ್ತಿಟ್ಟ ಕೊನೆಯ ತೊಗಲು,
ಅಟ್ಟದ ಮೇಲೆ ಇಪ್ಪತ್ತೆರಡು ವರ್ಷ.
ಬಿಚ್ಚಿದರೆ ಅಳಲೆಕಾಯಿಯ ಒಗರು
ಮೂಗಿಗಲ್ಲ, ನಾಲಿಗೆಗೇ ತಾಗುತ್ತದೆ.

ಆ ಅಳಲೆಕಾಯಿಯದೇ ಕತೆ.
ಶೆಟ್ಟಿಹಳ್ಳಿ ಕಾಡಿನಲ್ಲಿ
ಉದುರಿದ ಕಾಯಿಯೂ ಟೆಂಡರು ಹಿಡಿದವನದು.
ಅಪ್ಪ ಅರ್ಧ ಗೋಣಿ ತುಂಬಿದ್ದ.
ಯಾರದು, ಅಂದಿತು ಬೆಳಗಿನ ಜಾವ.
ಗಾರ್ಡು ಸಲ್ಡಾನ. ಹೆಗಲಿಗೆ ಏರಿದ ಕೋವಿ.
ಅಪ್ಪ ಓಡಲಿಲ್ಲ, ಗೋಣಿ ಬಿಟ್ಟು
ಓಡಿಹೋಗುವಂಥ ಹಸಿವಲ್ಲ ಅದು.
ಬೆರಳು ಕುದುರೆಯ ಮೇಲಿತ್ತು, ನೋಡಿದೆ,
ಆಮೇಲೆ ಹಿಂಗೆ ಎತ್ತಿಬಿಟ್ಟರು ಎಂದು
ತೋರುಬೆರಳು ಮೇಲೆತ್ತಿ ತೋರಿಸುತ್ತಿದ್ದ
ಮದುವೆಮನೆಯ ಎಲೆಯ ಮುಂದೆ,
ಮೆಗ್ಗಾನ್ ಆಸ್ಪತ್ರೆಯ ಮಂಚದಲ್ಲಿ ಕೂಡ,
ಆಗ ಬೆರಳೊಂದೇ ಏಳುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ
ಅರವತ್ತು ದಾಟಿದವರ ಗುರಿಪಂದ್ಯ.
ಬೇಲಿಯಾಚೆ ನಿಂತು ನೋಡಿದೆ.
ಸಲ್ಡಾನರ ಕೋವಿಯಡಿಗೆ ಹಳೆಯ ಸಿಮೆಂಟು ಚೀಲ.
ಪ್ರತಿ ಈಡಿಗೂ ಮೂಲೆಯಿಂದ
ಚಿಟಿಕೆ ಚಿಟಿಕೆ ಮರಳು ಸುರಿದು
ಗುರಿಯೇ ಕುಸಿಯುತ್ತಿತ್ತು.
ಎಂದೂ ಅವರನ್ನು ಮಾತಾಡಿಸಿದವನಲ್ಲ ನಾನು.
ಮನೆಗೆ ಬಂದು ಅಟ್ಟ ಹತ್ತಿದೆ.

ರಂಪಿಗೆ ಮಸೆದು ಆರು ತುಂಡು ಕೊಯ್ದೆ.
ದಾರಕ್ಕೆ ಮೇಣ. ಸೂಜಿ ಎರಡು, ತೂತು ಒಂದೇ.
ಇದು ಅತ್ತ ಹೋದರೆ ಅದು ಇತ್ತ,
ಮಾತು ಬಿಟ್ಟ ನೆರೆಯವರು
ಇಕ್ಕಟ್ಟು ಓಣಿಯಲ್ಲಿ ಎದುರಾದ ಹಾಗೆ.
ಕಿವಿಯ ತಿರುವಲ್ಲಿ ಹೆಬ್ಬೆರಳಿಗೆ ಚುಚ್ಚಿಕೊಂಡೆ.
ಕಲೆ ಒರೆಸಲಿಲ್ಲ, ಚರ್ಮದ ಬಣ್ಣವೇ ಅದು.
ಮರಳಿಗೆಂದು ಕೊರ್ಪಲಯ್ಯನ ಛತ್ರದ ಬಳಿ ಇಳಿದು
ತುಂಗೆಯಲ್ಲೇ ತೊಳೆದು, ಜರಡಿ ಹಿಡಿದು,
ಮನೆಗೆ ತಂದು ಬಾಣಲೆಯಲ್ಲಿ ಹುರಿದೆ.
ನಾಲ್ಕು ಸೇರು. ಅದಕ್ಕೂ ಪರ್ಮಿಟ್ಟು ಬೇಕೇನೋ.
ಕೇಳಲಿಲ್ಲ. ಮೈಲಾರಪ್ಪನ ಮಗ.

ವಿನೋಬನಗರದ ಮನೆಯಲ್ಲಿ ಸಲ್ಡಾನರು
ಕತೆಯೆಲ್ಲ ಕೇಳಿದರು. ಕನ್ನಡಕ ಒರೆಸಿಕೊಂಡರು.
"ಅಳಲೆಕಾಯಿಯವನಾ? ನೆನಪಿಲ್ಲ ಮಾರಾಯ.
ಆ ವರ್ಷವೆಲ್ಲ ಇಲಾಖೆಯವರು
ತೋಟಾನೇ ಕೊಟ್ಟಿರಲಿಲ್ಲ.
ಖಾಲಿ ಕೋವಿ ಹೊತ್ತು ತಿರುಗಿದವ ನಾನು."

ಖಾಲಿ ಕೋವಿಯಿಂದ ಬೆರಳನ್ನೇಕೆ ಎತ್ತಬೇಕು?
ಕೇಳಬಹುದಿತ್ತು.
ಹೊಲಿದದ್ದು ಹೊಲಿದಾಗಿತ್ತು.
ಅವರಾಗಲೇ ಚೀಲದ ಕಿವಿ ಹಿಂಡಿ ನೋಡುತ್ತಿದ್ದರು
ಮಗ್ಗಿ ಬಾರದ ಹುಡುಗನ ಕಿವಿಯಂತೆ.
ಸಣ್ಣಗೆ ನಡುಗುವ ಕೈ
ಚೀಲದ ಮೇಲಿಟ್ಟೊಡನೆ ನಿಂತಿತು.
ಅದನ್ನು ಅವರೂ ನೋಡಿದರು, ನಾನೂ ನೋಡಿದೆ.
"ಮರಳು ಜಾಸ್ತಿಯಾಯ್ತು," ಅಂದರು,
"ಒಂದು ಹಿಡಿ ತೆಗಿ."

ಬಾಯಿಯ ಹೊಲಿಗೆ ಬಿಚ್ಚಿ
ಅಂಗಿಯ ಜೇಬಿಗೇ ಸುರಿದುಕೊಂಡೆ,
ಅವರ ಮನೆ ನೆಲ ಈಗಷ್ಟೇ ಒರೆಸಿದ್ದು.
ಸಿಟಿ ಬಸ್ಸಿನಲ್ಲಿ ಚಿಲ್ಲರೆ ಕೊಟ್ಟರೆ
ಕಂಡಕ್ಟರು ಅಂಗೈ ಕೊಡವಿ
ಏನ್ರೀ ಇದು, ಅಂದ.